ಮನೆಯವರು ತೆರೆಯತಕ್ಕದ್ದಲ್ಲ

ಮುನ್ನೂರ ಹನ್ನೆರಡು ಜನ ಬಂದು ನೋಡಿ ಹೋಗಿದ್ದಾರೆ, ಒಬ್ಬರೇ ಒಬ್ಬರೂ ಹೆಸರು ಕೊಟ್ಟಿಲ್ಲ ಅಂದರೆ ಇದರ ಹಿಂದೆ ಯಾರದೋ ಕೈವಾಡ ಇರಲೇಬೇಕು ಎಂದು ಸಂಶಯರಾಯರು ಗುರುವಾರ ಬೆಳಿಗ್ಗೆ ಹಲ್ಲುಜ್ಜುತ್ತಲೇ ತೀರ್ಮಾನಕ್ಕೆ ಬಂದರು. ಬಾಯಿ ತುಂಬ ನೊರೆ ಇದ್ದುದರಿಂದ ತೀರ್ಮಾನವನ್ನು ಮನೆಯವರಿಗೆ ಘೋಷಿಸುವುದು ಎರಡು ನಿಮಿಷ ತಡವಾಯಿತು.

ಸಂಶಯರಾಯರು ಎನ್ನುವುದು ಅವರ ಹೆಸರಲ್ಲ, ಹೆಂಡತಿ ದಯಪಾಲಿಸಿದ ಬಿರುದು. ಪಕ್ಕದ ಮನೆಯವರು ಕಂಡು ನಕ್ಕರೆ ‘ಯಾಕೆ ನಕ್ಕರು?’ ಎನ್ನುವುದು, ನಗದಿದ್ದರೆ ‘ಯಾಕೆ ನಗಲಿಲ್ಲ?’ ಎನ್ನುವುದು ಅವರ ಜಾಯಮಾನ. ಅಂಚೆಯವನು ಕಾಗದ ಕೊಟ್ಟು ‘ಚೆನ್ನಾಗಿದ್ದೀರಾ ಸಾರ್?’ ಅಂದರೆ ಲಕೋಟೆಯ ಅಂಟನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವವರು. ಹೊಟ್ಟೆಪಾಡಿಗೆ ಜಾಲತಾಣ ಕಟ್ಟಿಕೊಡುತ್ತಾರೆ. ಹಲ್ಲಿನ ಡಾಕ್ಟರಿಗೆ, ಹಾರ್ಡ್‌ವೇರ್ ಅಂಗಡಿಗೆ, ಡ್ರೈವಿಂಗ್ ಸ್ಕೂಲಿಗೆ ಹೀಗೆ ಹತ್ತಾರು ಕಟ್ಟಿದ್ದಾರೆ. ಈ ಸಲ ಕಟ್ಟಿದ್ದು ಸ್ವಂತ ಹೆಂಡತಿಗೆ.

ಆಕೆ ಹನ್ನೊಂದು ವರ್ಷ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಊರವರ ಕಾಲರ್ ಹೊಲಿದವರು. ಬೆಳಿಗ್ಗೆ ಕಾಲರ್, ಮಧ್ಯಾಹ್ನ ಕಾಲರ್, ಕನಸಿನಲ್ಲೂ ಕಾಲರ್. ಹೋದ ತಿಂಗಳು ಆ ಕೆಲಸ ಬಿಟ್ಟು, ‘ಇನ್ನು ನನ್ನದೇ ಹೊಲಿಗೆ ಕ್ಲಾಸು’ ಎಂದು ಪಣ ತೊಟ್ಟು, ಎಂಟು ಹಳೆಯ ಮೆಷಿನ್ ತಂದು ಸಾಲಾಗಿ ನಡುಮನೆಯಲ್ಲಿ ನಿಲ್ಲಿಸಿದ್ದರು. (ಅಂದಿನಿಂದ ಆ ಮನೆಯಲ್ಲಿ ಊಟ ಮೆಷಿನ್ ಮೇಲೆ. ಮಾತಿನ ಭರದಲ್ಲಿ ಯಾರಾದರೂ ಪೆಡಲ್ ತುಳಿದರೆ ತಟ್ಟೆ ತಾನಾಗಿ ನಡುಗುತ್ತಿತ್ತು.) ಕ್ಲಾಸಿಗೆ ಔಷಧಿ ಅಂಗಡಿಯ ಮೇಲಿನ ಹಾಲ್ ಗೊತ್ತುಮಾಡಿಯಾಗಿತ್ತು. ಆದರೆ ಔಷಧಿ ಅಂಗಡಿಯವರು ಒಂದು ಷರತ್ತು ಹಾಕಿದ್ದರು. ಶನಿವಾರ ಸಂಜೆ ಆರರೊಳಗೆ ಹದಿನೈದು ಜನ ಕಲಿಯುವವರ ಪಟ್ಟಿ ತೋರಿಸಬೇಕು, ಇಲ್ಲವಾದರೆ ಹಾಲ್ ಕರಾಟೆ ಮಾಸ್ಟರಿಗೆ. ‘ಬರೀ ಮೆಷಿನ್ ಇಡೋಕೆ ನನ್ನದೇನು ಗೋಡೌನಾ?’ ಎಂದು ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಜಾಲತಾಣದ ಭಾರ ರಾಯರು ಹೊತ್ತರು. ಹೊತ್ತದ್ದಷ್ಟೇ ಅಲ್ಲ, ಶಾಸನಗಳನ್ನೂ ಹೊರಡಿಸಿದರು. ಗೋಡೆಗೆ ಅಂಟಿಸುವ ಕಾಗದದಲ್ಲಿ ಜಾಲತಾಣದ ವಿಳಾಸ ಮಾತ್ರ, ಫೋನ್ ನಂಬರು ಕೂಡದು. (‘ನಂಬರ್ ಹಾಕಿದ್ರೆ ಕಂಡಕಂಡವರೆಲ್ಲ ಫೋನ್ ಮಾಡ್ತಾರೆ.’ ‘ಮಾಡ್ಲಿ ಅಂತಾನೇ ಅಲ್ವೇನ್ರೀ?’ ‘ನಿಂಗೆ ಲೋಕ ಗೊತ್ತಿಲ್ಲ.’) ಹೆಸರು ಕೊಡುವವರು ‘ಸೇರಿಕೊಳ್ಳಿ’ ಎಂಬ ಹಸಿರು ಬಟನ್ ಒತ್ತಿಯೇ ಕೊಡಬೇಕು. ಎಲ್ಲಕ್ಕಿಂತ ಕಠಿಣ ಶಾಸನವೆಂದರೆ, ಮನೆಯವರು ಯಾರೂ ತಮ್ಮ ಫೋನಿನಲ್ಲಿ ಆ ಪುಟ ತೆರೆಯತಕ್ಕದ್ದಲ್ಲ.

‘ಯಾಕೆ? ನನ್ನ ಕ್ಲಾಸು, ನಾನೇ ನೋಡಬಾರದಾ?’ ಹೆಂಡತಿ ಕೇಳಿದ್ದರು.

‘ನೀನು ದಿನಕ್ಕೆ ನಲವತ್ತು ಸಲ ತೆಗೆದು ನೋಡ್ತೀಯ. ನಿಮ್ಮಮ್ಮ ನಲವತ್ತು ಸಲ. ಆಮೇಲೆ ಬಂದವರು ಹೊರಗಿನವರೋ ಒಳಗಿನವರೋ ಹೇಗೆ ಗೊತ್ತಾಗಬೇಕು? ನೋಡೋದಿದ್ರೆ ನನ್ನ ಲ್ಯಾಪ್‌ಟಾಪಲ್ಲಿ ನೋಡು, ಅದನ್ನ ಲೆಕ್ಕದಿಂದ ಹೊರಗಿಟ್ಟಿದ್ದೀನಿ.’

ಅವರ ಲ್ಯಾಪ್‌ಟಾಪಿನಲ್ಲಿ ಪುಟ ಬಹಳ ಸೊಗಸಾಗಿತ್ತು, ಅದನ್ನು ಒಪ್ಪಲೇಬೇಕು. ಮೇಲೆ ಕ್ಲಾಸಿನ ಹೆಸರು, ನಡುವೆ ಹೆಂಡತಿ ಹೊಲಿದ ನಾಲ್ಕು ಉಡುಪುಗಳ ಚಿತ್ರ, ಕೆಳಗೆ ಹಸಿರು ಬಟನ್. ಅದಕ್ಕೂ ಕೆಳಗೆ ಮೂಲೆಯಲ್ಲಿ ಅಂಚೆಚೀಟಿಯಷ್ಟು ಚಿಕ್ಕದಾಗಿ ರಾಯರದೇ ಒಂದು ಫೋಟೋ, ‘ತಾಂತ್ರಿಕ ನಿರ್ದೇಶಕರು’ ಎಂಬ ಒಕ್ಕಣೆ. ಸಂದರ್ಭಕ್ಕೆ ಒಪ್ಪಲೆಂದು ಕೊರಳಿಗೆ ಹೆಂಡತಿಯ ಅಳತೆ ಟೇಪು ಹಾಕಿಕೊಂಡು, ಕೈಯಲ್ಲಿ ಕತ್ತರಿ ಹಿಡಿದು, ಮೀಸೆ ತೀಡಿಕೊಂಡು ತೆಗೆಸಿಕೊಂಡದ್ದು.

ಸೋಮವಾರ ಪುಟ ಲೋಕಾರ್ಪಣೆಯಾಯಿತು. ಹೆಂಡತಿ ಪರಿಚಯದವರಿಗೆಲ್ಲ ವಿಳಾಸ ಕಳಿಸಿದರು. ಗುರುವಾರಕ್ಕೆ ಮುನ್ನೂರ ಹನ್ನೆರಡು ಭೇಟಿ, ಸೊನ್ನೆ ಹೆಸರು.

‘ಜನಕ್ಕೆ ಇಷ್ಟ ಆಗಿಲ್ಲವೇನೋ,’ ಹೆಂಡತಿಯ ದನಿ ಕುಗ್ಗಿತ್ತು. ‘ನನ್ನ ಹೊಲಿಗೆ ಅಷ್ಟೊಂದು ಹಳೇಕಾಲದ್ದಾ?’

‘ನಿನ್ನ ಹೊಲಿಗೆ ಬಿಡು. ಇದು ಪಿತೂರಿ,’ ಎಂದು ರಾಯರು ಬಾಯಿ ಮುಕ್ಕಳಿಸಿದರು. ಆಕೆ ಎರಡು ದಿನದಿಂದ ಸರಿಯಾಗಿ ಊಟ ಮಾಡದ್ದು ಅವರ ಕಣ್ಣಿಗೆ ಬಿದ್ದಿತ್ತು. ಅದಕ್ಕೆ ಸಂಕಟವೂ ಆಗಿತ್ತು. ಆದರೆ ಸಂಕಟವಾದಾಗೆಲ್ಲ ಅವರಿಗೆ ಯಾರ ಮೇಲಾದರೂ ಗುಮಾನಿ ಹುಟ್ಟುತ್ತದೆ, ಸಮಾಧಾನದ ಮಾತು ಹುಟ್ಟುವುದಿಲ್ಲ.

ಮೊದಲ ಗುಮಾನಿ ಮೂಲೆಯ ಅಂಗಡಿಯ ಟೈಲರ್ ಮೇಲೆ. ಊರವರೆಲ್ಲ ಹೊಲಿಗೆ ಕಲಿತರೆ ಅವನ ಗಿರಾಕಿಗಳೇನಾಗಬೇಕು? ರಾಯರು ಒಂದು ಒಳ್ಳೆಯ ಅಂಗಿಯ ಗುಂಡಿಯನ್ನು ತಾವೇ ಹಲ್ಲಿನಿಂದ ಕಿತ್ತು, ಅದನ್ನೇ ನೆಪ ಮಾಡಿಕೊಂಡು ಅಂಗಡಿಗೆ ಹೋದರು.

ಟೈಲರ್ ಅಂಗಿಯನ್ನು ನೋಡಿದ. ಗುಂಡಿಯನ್ನು ನೋಡಿದ. ರಾಯರ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

‘ಗುಂಡಿ ಹಾಕಿಸೋಕೆ ನನ್ನ ಹತ್ರ ಬಂದ್ರಾ? ನೀವು?’

‘ಯಾಕೆ, ಬರಬಾರದಾ?’

‘ಬನ್ನಿ ಸಾರ್, ಬನ್ನಿ. ದೊಡ್ಡವರು. ನಿಮ್ಮದು ನೋಡಿದೆ, ಫೋನಲ್ಲಿ. ಎಲ್ಲಿ ನೋಡಿದ್ರೂ ನೀವೇ!’

ರಾಯರ ಕಿವಿ ನಿಮಿರಿತು. ಪುಟ ನೋಡಿದ್ದಾನೆ! ಬಾಯಿಬಿಟ್ಟು ಒಪ್ಪಿಕೊಂಡಿದ್ದಾನೆ! ‘ಎಲ್ಲಿ ನೋಡಿದ್ರೂ ನೀವೇ’ ಅಂದರೆ, ನಿಮ್ಮನ್ನು ಎಲ್ಲಾ ಕಡೆ ಗಮನಿಸುತ್ತಿದ್ದೇನೆ ಎಂಬ ಎಚ್ಚರಿಕೆ ಅಲ್ಲದೆ ಮತ್ತೇನು? ಗುಂಡಿ ಹಾಕಿಸಿಕೊಳ್ಳದೆ ಅಂಗಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದರು.

ಶುಕ್ರವಾರ ಬೀದಿಯೇ ಬದಲಾದಂತಿತ್ತು. ರಾಯರನ್ನು ಎಂದೂ ಕಣ್ಣೆತ್ತಿ ನೋಡದ ಕ್ಷೌರದವನು ಅಂಗಡಿಯ ಬಾಗಿಲಿಗೆ ಬಂದು ಕೈ ಬೀಸಿದ. ಇಬ್ಬರು ಹೆಂಗಸರು ಎದುರಿಗೆ ಬರುತ್ತಿದ್ದವರು, ಇವರನ್ನು ಕಂಡು ಪಿಸುಗುಟ್ಟಿ, ರಸ್ತೆ ದಾಟಿ ಆ ಬದಿಗೆ ಹೋದರು. ತರಕಾರಿ ಅಂಗಡಿಗೆ ಹೋಗಿ ಬಂದ ಹೆಂಡತಿಯೂ ಒಂದು ವರದಿ ತಂದರು.

‘ಬ್ಯಾಂಕಲ್ಲಿ ಕೆಲಸ ಮಾಡೋ ಹೆಂಗಸು ಸಿಕ್ಕಿದ್ರು. “ಕ್ಲಾಸಲ್ಲಿ ನಿಮ್ಮ ಯಜಮಾನರೇ ಎಲ್ಲಾ ನೋಡ್ಕೋತಾರಾ?” ಅಂದ್ರು. ಹೌದು, ಎಲ್ಲಾ ಅವರೇ ಮಾಡಿದ್ದು ಅಂದೆ. “ಅಳತೆ ತಗೊಳ್ಳೋದೂ?” ಅಂದ್ರು. ನಂಗೆ ಏನೂ ಅರ್ಥ ಆಗ್ಲಿಲ್ಲ. ಎದ್ದುಬಿದ್ದು ಹೋಗ್ಬಿಟ್ರು.’

‘ಅವರನ್ನೂ ಪಟ್ಟಿಗೆ ಸೇರಿಸಬೇಕು,’ ರಾಯರು ತಲೆದೂಗಿದರು.

‘ಕ್ಲಾಸಿನ ಪಟ್ಟಿಗಾ?’

‘ಗುಮಾನಿ ಪಟ್ಟಿಗೆ.’

ಆ ಪಟ್ಟಿಯ ಅಗ್ರಸ್ಥಾನ ಅಷ್ಟರಲ್ಲಿ ಕರಾಟೆ ಮಾಸ್ಟರ್ ಪಾಲಾಗಿತ್ತು. ಹೆಸರು ಬರದಿದ್ದರೆ ಲಾಭ ಯಾರಿಗೆ? ಹಾಲ್ ಯಾರಿಗೆ? ಶನಿವಾರ ಬೆಳಿಗ್ಗೆ ರಾಯರು ವ್ಯಾಯಾಮದ ಸೋಗಿನಲ್ಲಿ ಮಾಸ್ಟರನ್ನು ಇಪ್ಪತ್ತು ಹೆಜ್ಜೆ ಹಿಂದಿನಿಂದ ಹಿಂಬಾಲಿಸಿದರು. ಮಾಸ್ಟರ್ ನಿಂತಾಗ ಇವರೂ ನಿಂತು ಚಪ್ಪಲಿ ಸರಿಮಾಡಿಕೊಂಡರು. ಮೂರನೆಯ ಸಲ ಚಪ್ಪಲಿ ಸರಿಮಾಡಿ ತಲೆ ಎತ್ತುವಷ್ಟರಲ್ಲಿ ಮಾಸ್ಟರ್ ಎದುರಿಗೇ ನಿಂತಿದ್ದ. ಬಾಗಿಲಗಲದ ಆಳು.

‘ಸಾರ್,’ ಮಾಸ್ಟರ್ ಅವರ ಹೆಗಲ ಮೇಲೆ ಕೈಯಿಟ್ಟ. ‘ನಿಮ್ಮ ಧೈರ್ಯ ಮೆಚ್ಚಿದೆ.’

‘ಯಾ... ಯಾವ ಧೈರ್ಯ?’

‘ಎಲ್ಲರ ಎದುರು ಹೀಗೆ ಬರೋದು ಸುಲಭ ಅಲ್ಲ. ನನ್ನ ಕೈಲಿ ಆಗ್ತಿರಲಿಲ್ಲ.’ ಅತ್ತಿತ್ತ ನೋಡಿ ದನಿ ತಗ್ಗಿಸಿದ. ‘ಆರು ಗಂಟೆಯೊಳಗೆ ಅಲ್ವಾ? ನೋಡೋಣ.’

‘ನೋಡೋಣ’ ಎಂದ ಬಗೆಯಲ್ಲೇ ಬೆದರಿಕೆ ಇತ್ತು ಎಂದು ರಾಯರು ಮನೆಗೆ ಬಂದು ವರ್ಣಿಸಿದರು. ಹೆಗಲನ್ನು ಹೇಗೆ ಹಿಡಿದನೆಂದು ಹೆಂಡತಿಯ ಹೆಗಲ ಮೇಲೇ ತೋರಿಸಿದರು. ಆಕೆ ಆ ಕೈ ತೆಗೆದು ಪಕ್ಕಕ್ಕಿಟ್ಟು, ಮೆಷಿನ್‌ಗಳ ಮೇಲೆ ಹಳೆಯ ಬೆಡ್‌ಶೀಟ್ ಹೊದಿಸತೊಡಗಿದರು. ಯಾರೂ ಬಾರದ ಮೇಲೆ ದೂಳಾದರೂ ಯಾಕೆ ಕೂರಬೇಕು ಎಂದು.

ಮಧ್ಯಾಹ್ನ ನಾಲ್ಕಾಯಿತು. ಭೇಟಿ ಆರುನೂರ ನಾಲ್ಕು. ಹೆಸರು ಸೊನ್ನೆ. ಆಗ ಮೂಲೆಯ ಕುರ್ಚಿಯಿಂದ ‘ಖಿಕ್’ ಎಂಬ ಸದ್ದು ಬಂತು.

ಅತ್ತೆ! ಮೂರು ದಿನದಿಂದ ಅತ್ತೆ ಫೋನಿನೊಳಗೆ ಮುಖ ಹುದುಗಿಸಿ ನಗುತ್ತಿದ್ದುದು, ಅಳಿಯ ಹತ್ತಿರ ಬಂದರೆ ಫೋನನ್ನು ದಿಂಬಿನಡಿ ತಳ್ಳುತ್ತಿದ್ದುದು ರಾಯರಿಗೆ ಒಟ್ಟಿಗೇ ಹೊಳೆಯಿತು. ಶತ್ರು ಮನೆಯೊಳಗೇ ಇದ್ದಾನೆ. ಅಲ್ಲ, ಇದ್ದಾಳೆ. ಛೇ, ಇದ್ದಾರೆ.

‘ಅತ್ತೆ, ಆ ಫೋನ್ ಇಲ್ಲಿ ಕೊಡಿ.’

‘ಬೇಡಪ್ಪ, ಅಳಿಯಂದಿರೇ. ನೀವು ಬೇಜಾರು ಮಾಡ್ಕೋತೀರಿ.’

‘ಕೊಡಿ ಅಂದೆ. ಯಾರಿಗೆ ಸುದ್ದಿ ಕಳಿಸ್ತಿದ್ದೀರಿ? ಟೈಲರಿಗಾ? ಕರಾಟೆಯವನಿಗಾ?’

‘ರೀ! ಅದು ನಮ್ಮಮ್ಮ!’ ಹೆಂಡತಿ ಬೆಡ್‌ಶೀಟ್ ಬಿಸಾಕಿ ನಡುವೆ ಬಂದರು.

‘ಗೊತ್ತು. ಅದಕ್ಕೇ ಮೂರು ದಿನ ತಡೆದೆ.’

ಅತ್ತೆಗೆ ರೋಷ ಬಂತು. ‘ತಗೊಳ್ಳಿ! ತೆರೀಬಾರದು ಅಂತ ನೀವು ಹೇಳಿದ್ರಿ, ನಾನು ಕದ್ದು ತೆರೆದೆ, ತಪ್ಪಾಯ್ತು. ಬೇಜಾರಾದಾಗ ಒಂದ್ಸಲ ನೋಡ್ತೀನಿ, ನಗು ಬರುತ್ತೆ, ಅಷ್ಟೇ. ಮಗಳು ಹೀಗೇ ಮಾಡಿಸಿದ್ದಾಳೇನೋ, ಈಗಿನ ಕಾಲದ್ದು ಇರಬೇಕು ಅಂದ್ಕೊಂಡೆ.’

ಫೋನಿನ ತುಂಬ ಒಂದು ಮೂಗು ಇತ್ತು.

ರಾಯರು ಬೆರಳಿನಿಂದ ಕೆಳಕ್ಕೆ ಸರಿಸಿದರು. ಮೀಸೆ ಶುರುವಾಯಿತು. ಮೀಸೆ ಮುಗಿಯಲು ಮೂರು ಸಲ ಸರಿಸಬೇಕಾಯಿತು. ಆಮೇಲೆ ಗದ್ದ, ಗದ್ದದ ಮೇಲೊಂದು ಶೇವಿಂಗ್ ಗಾಯ, ಕುತ್ತಿಗೆ, ಹಳದಿ ಟೇಪು. ಇನ್ನೂ ಸರಿಸಿದರೆ ರಕ್ಕಸಗಾತ್ರದ ಕತ್ತರಿ. ಕ್ಲಾಸಿನ ಹೆಸರಿಲ್ಲ, ಉಡುಪಿಲ್ಲ, ಬಟನ್ನಿಲ್ಲ. ಹೆಂಡತಿ ತಮ್ಮ ಫೋನಿನಲ್ಲೂ ತೆರೆದರು. ಅದರಲ್ಲಿ ಇಡೀ ರಾಯರು ಅಂಚಿನಿಂದ ಅಂಚಿಗೆ ತುಂಬಿಕೊಂಡು, ಕತ್ತರಿ ಎತ್ತಿ, ನೋಡುವವರ ಅಳತೆ ತೆಗೆಯಲು ಸಿದ್ಧರಾಗಿ ನಿಂತಿದ್ದರು. ಎಡ ಕಿವಿಯ ಪಕ್ಕದಲ್ಲಿ ‘ಹೊಲಿಗೆ’ ಎಂಬ ಮೂರಕ್ಷರ ಮಾತ್ರ ಹೇಗೋ ಬಚಾವಾಗಿತ್ತು.

‘ಆರುನೂರು ಜನ,’ ಹೆಂಡತಿ ಮೆಲ್ಲಗೆ ಹೇಳಿದರು, ‘ಇದನ್ನ ನೋಡಿದ್ದಾರೆ.’

ಆದದ್ದೇನೆಂದು ರಾಯರಿಗೆ ನೋಡಿದ ಕೂಡಲೇ ಅರ್ಥವಾಗಿತ್ತು, ಅದೇ ದೊಡ್ಡ ನೋವು. ಜಾಲತಾಣ ತೆರೆದು ತೋರಿಸುವ ಬ್ರೌಸರುಗಳು ಒಂದಲ್ಲ, ಹತ್ತಾರಿವೆ. ಒಂದು ಕಂಡಂತೆ ಇನ್ನೊಂದು ಕಾಣುವುದಿಲ್ಲ. ಎಲ್ಲದರಲ್ಲೂ ತೆರೆದು ನೋಡದೆ ಗಿರಾಕಿಗೆ ಒಪ್ಪಿಸಬಾರದು. ಇದನ್ನು ಅವರು ಹಲ್ಲಿನ ಡಾಕ್ಟರಿಗೆ ಬಾಯಿ ತೆರೆಸಿ ಕೂರಿಸಿ ಪಾಠ ಹೇಳಿದ್ದರು. ತಮ್ಮ ಲ್ಯಾಪ್‌ಟಾಪಿಗೂ ಫೋನಿಗೂ ಹಾಕಿಕೊಂಡದ್ದು ಮೊನ್ನೆ ಮೊನ್ನೆ ಬಂದ ಹೊಚ್ಚ ಹೊಸ ಬ್ರೌಸರು. ಫೋಟೋ ಅಂಚೆಚೀಟಿಯಷ್ಟಿರಲಿ ಎಂದು ಅವರು ಬರೆದ ಆಜ್ಞೆ ಹೊಸ ಬಗೆಯದು, ಅದು ಆ ಬ್ರೌಸರಿಗೆ ಮಾತ್ರ ತಿಳಿಯುತ್ತಿತ್ತು. ಉಳಿದವು, ಅರ್ಥವಾಗದ ಆಜ್ಞೆಯನ್ನು ಕಂಡರೆ ಜಗಳವಾಡುವುದಿಲ್ಲ, ದೂರುವುದಿಲ್ಲ. ಸುಮ್ಮನೆ ಬಿಟ್ಟುಬಿಡುತ್ತವೆ. (ಅವರ ಮನೆಯಲ್ಲಿ ಅವರ ಆಜ್ಞೆಗಳಿಗೆ ನಡೆಯುವ ಮರ್ಯಾದೆಯೂ ಇದೇ.) ಹಾಗಾಗಿ ಫೋಟೋ ತನ್ನ ನಿಜ ಗಾತ್ರದಲ್ಲಿ ಎದ್ದು ಬಂದು ಎಲ್ಲದರ ಮೇಲೂ ಕೂತಿತ್ತು.

ಇದನ್ನೆಲ್ಲ ತೊದಲುತ್ತ ವಿವರಿಸಿದರು. ‘ಅಂದ್ರೆ ತಪ್ಪು ನನ್ನದು ಅನ್ನೋಕಿಂತ... ಬ್ರೌಸರುಗಳು ಒಂದು ಒಮ್ಮತಕ್ಕೆ ಬರಬೇಕಿತ್ತು.’

‘ನನ್ನ ಫೋನಲ್ಲಿ ಒಂದೇ ಒಂದು ಸಲ ತೆಗೆದು ನೋಡೋಕೆ ಬಿಟ್ಟಿದ್ರೆ ಸೋಮವಾರವೇ ಗೊತ್ತಾಗ್ತಿತ್ತು,’ ಎಂದರು ಹೆಂಡತಿ. ಕೂಗಾಡಲಿಲ್ಲ. ಕೂಗಾಡಿದ್ದರೆ ರಾಯರಿಗೆ ಎಷ್ಟೋ ಹಾಯೆನಿಸುತ್ತಿತ್ತು. ಬೆಡ್‌ಶೀಟ್ ಹೊದ್ದ ಮೆಷಿನ್ ಪಕ್ಕದ ಸ್ಟೂಲಿನ ಮೇಲೆ ಕೂತು ಹೇಳಿದರು, ‘ಹನ್ನೊಂದು ವರ್ಷ ಕಾದೆ. ಊರಲ್ಲಿ ಎಲ್ಲರ ಮೇಲೂ ನಿಮಗೆ ಅನುಮಾನ ಬಂತು. ನಮ್ಮಮ್ಮನ ಮೇಲೂ ಬಂತು. ನಿಮ್ಮ ಮೇಲೆ ಮಾತ್ರ ಬರಲಿಲ್ಲ.’

ರಾಯರು ಅತ್ತೆಯ ಕಡೆ ತಿರುಗಿ ‘ತಪ್ಪಾಯ್ತು ಅತ್ತೆ’ ಎಂದು ಲ್ಯಾಪ್‌ಟಾಪ್ ಮುಂದೆ ಕೂತರು.

ಸರಿಪಡಿಸಿದ್ದು ಒಂದೇ ಒಂದು ಸಾಲು. ಹೊಸ ಬಗೆಯ ಆಜ್ಞೆ ಕಿತ್ತು, ಎಲ್ಲ ಬ್ರೌಸರಿಗೂ ತಿಳಿಯುವ ಹಳೆಯ ಆಜ್ಞೆ ಬರೆದರು. ಹೆಂಡತಿಯ ಫೋನು, ಅತ್ತೆಯ ಫೋನು ಎರಡರಲ್ಲೂ ತೆರೆದು ನೋಡಿದರು. ಎರಡರಲ್ಲೂ ರಾಯರು ಅಂಚೆಚೀಟಿಯಾಗಿ ಮೂಲೆ ಸೇರಿದರು, ಹಸಿರು ಬಟನ್ ಬೆಳಕಿಗೆ ಬಂತು. ಗಂಟೆ ನಾಲ್ಕೂ ಐವತ್ತು.

‘ಇನ್ನು ಒಂದು ಗಂಟೇಲಿ ಯಾರು ಬರ್ತಾರೆ ಬಿಡಿ,’ ಎಂದು ಹೆಂಡತಿ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಲ್ಯಾಪ್‌ಟಾಪ್ ‘ಟಿಂಗ್’ ಎಂದಿತು.

ಒಂದು ಹೆಸರು. ಇನ್ನೊಂದು ಟಿಂಗ್. ಮತ್ತೊಂದು. ಐದೂ ಕಾಲಿಗೆ ನಾಲ್ಕು, ಐದೂವರೆಗೆ ಹತ್ತು. ಅತ್ತೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಎಣಿಸತೊಡಗಿದರು. ಹೆಂಡತಿ ಒಂದೊಂದು ಟಿಂಗ್‌ಗೂ ಒಂದೊಂದು ಮೆಷಿನ್ನಿನ ಬೆಡ್‌ಶೀಟ್ ತೆಗೆದರು. ರಾಯರು ಮಾತ್ರ ಹುಬ್ಬು ಗಂಟಿಕ್ಕಿದರು.

‘ಏನೋ ಮೋಸ ಇದೆ ಇದರಲ್ಲಿ.’

‘ರೀ, ಈಗ ತಾನೇ ತಪ್ಪಾಯ್ತು ಅಂದ್ರಿ!’

‘ಪಟ್ಟಿ ನೋಡು. ಕ್ಷೌರದವನು. ನಿವೃತ್ತ ಬಸ್ ಡ್ರೈವರು. ಅಂಚೆಯವನು. ನಮ್ಮ ಹಲ್ಲಿನ ಡಾಕ್ಟರು. ಒಬ್ಬಳಾದ್ರೂ ಹೆಂಗಸು ಇದ್ದಾಳಾ? ಹತ್ತಕ್ಕೆ ಹತ್ತೂ ಗಂಡಸರು! ಯಾರೋ ಬೇಕಂತ ಸುಳ್ಳು ಹೆಸರು ತುಂಬ್ತಿದ್ದಾರೆ.’

ಇದು ಹೆಂಡತಿಗೂ ವಿಚಿತ್ರ ಕಂಡಿತು. ಪಟ್ಟಿಯಲ್ಲಿದ್ದ ಬಸ್ ಡ್ರೈವರಿಗೆ ಫೋನ್ ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟರು.

‘ಹೌದಮ್ಮ, ನಾನೇ ಕೊಟ್ಟಿದ್ದು,’ ಡ್ರೈವರ್ ದನಿ ತುಂಬು ಉತ್ಸಾಹದಲ್ಲಿತ್ತು. ‘ಸೋಮವಾರದಿಂದ ಸೇರ್ಕೋಬೇಕು ಅಂತ ಒದ್ದಾಡ್ತಿದ್ದೀನಿ, ಎಲ್ಲಿ ಒತ್ತೋದು ಅಂತಾನೇ ಕಾಣ್ತಿರ್ಲಿಲ್ಲ. ಸಾರ್ ಮೂಗು ಒತ್ತಿದೆ, ಕಿವಿ ಒತ್ತಿದೆ. ಕತ್ತರೀನೂ ಒತ್ತಿದೆ. ಇವತ್ತು ಬಟನ್ ಸಿಕ್ತು.’

‘ನಿಮಗೆ ಹೊಲಿಗೆ ಕಲೀಬೇಕು ಅಂತ ಆಸೆ ಇತ್ತಾ?’

‘ಮೂವತ್ತು ವರ್ಷದಿಂದ ಇದೆಯಮ್ಮ. ಹೊಲಿಗೆ ಬಿಚ್ಚಿದ ಪ್ಯಾಂಟು ಹಿಡ್ಕೊಂಡು ಎಷ್ಟು ದಿನ ಅವರಿವರ ಮುಖ ನೋಡ್ಲಿ? ಹೆಂಗಸರ ಕ್ಲಾಸಿಗೆ ನಾನು ಹೋದ್ರೆ ಜನ ನಗ್ತಾರೆ ಅಂತ ಸುಮ್ನಿದ್ದೆ. ಸಾರ್ ಆ ಮೀಸೆ ಇಟ್ಕೊಂಡು, ಟೇಪು ಹಾಕ್ಕೊಂಡು, ರಾಜನ ಥರ ನಿಂತಿದ್ದು ನೋಡಿದೆ ನೋಡಿ, ನಂಗೂ ಧೈರ್ಯ ಬಂತು. ನಮ್ಮ ಕಡೆಯವರಿಗೆಲ್ಲ ಹೇಳಿದೆ. ಸಾರ್ ಇರ್ತಾರೆ ತಾನೇ, ಕ್ಲಾಸಲ್ಲಿ?’

ಹೆಂಡತಿ ರಾಯರನ್ನು ನೋಡಿದರು. ರಾಯರು ಎರಡೂ ಕೈ ಆಡಿಸಿ ‘ಇಲ್ಲ, ಇಲ್ಲ’ ಎಂದು ಸನ್ನೆ ಮಾಡಿದರು.

‘ಸಾರ್ ಇಲ್ಲ ಅಂದ್ರೆ ನಾವ್ಯಾರೂ ಬರಲ್ಲಮ್ಮ, ಮೊದಲೇ ಹೇಳಿಬಿಡ್ತೀನಿ. ಸಂಕೋಚ ಆಗುತ್ತೆ.’

‘ಇರ್ತಾರೆ,’ ಎಂದರು ಹೆಂಡತಿ, ರಾಯರ ಮುಖದಿಂದ ಕಣ್ಣು ಕೀಳದೆ. ‘ದಿನಾ ಇರ್ತಾರೆ. ಒಂದು ದಿನಾನೂ ತಪ್ಪಿಸಲ್ಲ.’

ಹದಿನೈದನೆಯ ಹೆಸರು ಬಂದದ್ದು ಆರಕ್ಕೆ ಎಂಟು ನಿಮಿಷ ಇರುವಾಗ. ಕರಾಟೆ ಮಾಸ್ಟರ್. ಕೊನೆಯಲ್ಲಿ ಒಂದು ಟಿಪ್ಪಣಿಯನ್ನೂ ಬರೆದಿದ್ದ: ‘ಒದೆಯುವಾಗ ಪ್ಯಾಂಟು ಬಿರಿಯುತ್ತದೆ, ತುರ್ತಾಗಿ ಕಲಿಯಬೇಕು. ಸಂಜೆ ಹಾಲ್ ನೀವೇ ಇಟ್ಟುಕೊಳ್ಳಿ, ನನಗೆ ಬೆಳಿಗ್ಗೆ ಸಾಕು.’ ಹೆಂಡತಿ ಪಟ್ಟಿ ಹಿಡಿದು, ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಔಷಧಿ ಅಂಗಡಿಗೆ ಓಡಿದರು. ವಾಪಸ್ಸು ಬರುವಾಗ ಕೈಯಲ್ಲಿ ಹಾಲ್‌ನ ಬೀಗದ ಕೈ ಇತ್ತು, ಕಣ್ಣು ತೇವವಾಗಿತ್ತು. ಅದನ್ನು ನೋಡಿ ರಾಯರಿಗೆ ಆದ ಸಂತೋಷದಲ್ಲಿ ಯಾವ ಅನುಮಾನವೂ ಬೆರೆತಿರಲಿಲ್ಲ. ಸೋಮವಾರ ತಾವೂ ಕ್ಲಾಸಿಗೆ ಹೋಗಬೇಕೆಂಬುದು ನೆನಪಾಗುವವರೆಗೆ ಅದು ಹಾಗೆಯೇ ಇತ್ತು.

ಸೋಮವಾರ ಸಂಜೆ ಹಾಲ್ ತುಂಬಿತ್ತು. ಒಂದೊಂದು ಮೆಷಿನ್ನಿಗೆ ಇಬ್ಬರಂತೆ ಹದಿನೈದು ಗಂಡಸರು ಕೈಕಟ್ಟಿ ಕೂತಿದ್ದರು. ಮೊದಲ ಸಾಲಿನಲ್ಲಿ, ಕರಾಟೆ ಮಾಸ್ಟರ್ ಪಕ್ಕದಲ್ಲಿ, ಹದಿನಾರನೆಯವರಾಗಿ ರಾಯರು.

‘ಇವತ್ತು ಸೂಜಿಗೆ ದಾರ ಪೋಣಿಸೋದು,’ ಎಂದರು ಟೀಚರ್. ಮನೆಯಲ್ಲಿ ಅವರ ದನಿ ಅಷ್ಟು ಗಟ್ಟಿಯಾಗಿದ್ದುದನ್ನು ರಾಯರು ಕೇಳಿರಲಿಲ್ಲ. ‘ಮೊದಲು ನಮ್ಮ ಸಾರ್ ಮಾಡಿ ತೋರಿಸ್ತಾರೆ, ಎಲ್ಲರೂ ನೋಡ್ಕೊಳ್ಳಿ.’

ಹದಿನೈದು ಕುತ್ತಿಗೆಗಳು ಒಟ್ಟಿಗೇ ಮುಂದಕ್ಕೆ ಬಂದವು. ರಾಯರು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಒಂದು ಕಣ್ಣು ಮುಚ್ಚಿ ಗುರಿಯಿಟ್ಟರು. ದಾರ ಸೂಜಿಯ ಎಡಕ್ಕೆ ಹೋಯಿತು. ಇನ್ನೊಂದು ಕಣ್ಣು ಮುಚ್ಚಿ ನೋಡಿದರು, ಬಲಕ್ಕೆ ಹೋಯಿತು. ಐದು ನಿಮಿಷ ಕಳೆಯಿತು. ಹಿಂದಿನ ಸಾಲಿನಲ್ಲಿ ಬಸ್ ಡ್ರೈವರು ಮೊದಲ ಸಲಕ್ಕೇ ಪೋಣಿಸಿ, ದೊಡ್ಡವರ ಮುಂದೆ ಹೇಳುವುದು ಹೇಗೆಂದು ಸುಮ್ಮನೆ ಕೂತಿದ್ದರು.

‘ಮೇಡಂ, ಈ ಸೂಜಿಗೆ ತೂತೇ ಇಲ್ಲ ಅಂತ ನನಗೆ ಅನುಮಾನ,’ ಎಂದರು ರಾಯರು ಬೆವರೊರೆಸಿಕೊಳ್ಳುತ್ತ.

ಟೀಚರ್ ಬಂದು ಸೂಜಿಯನ್ನು ಅವರ ಕೈಯಲ್ಲೇ ತಿರುವಿ, ತಲೆಕೆಳಗಾಗಿ ಹಿಡಿದಿದ್ದುದನ್ನು ಸರಿಮಾಡಿಕೊಟ್ಟು ಮುಂದಿನ ಮೆಷಿನ್ನಿಗೆ ಹೋದರು.